ಮೀನಖಂಡ ನಿಲ್ಲೆಂದ ಕಡೆ

ಪುಣೆಯ ಪೇಠಗಳ ಹೆಣ್ಣುಮಕ್ಕಳಿಗೆ ಈರಬಸಪ್ಪನ ಹೆಸರು ಗೊತ್ತಿರಲಿಲ್ಲ. ಅವನ ನಡಿಗೆ ಗೊತ್ತಿತ್ತು. ಓಣಿಯ ತುದಿಯಲ್ಲಿ ಅವನ ಚರ್ಮದ ಜೋಡಿನ ಕರಕರ ಸದ್ದು ಕೇಳಿದೊಡನೆ ‘ಇರಕಲವಾಲೇ ಬಾಬಾ ಆಲೇ’, ಇಳಕಲ್ಲಿನ ಬಾಬಾ ಬಂದರು, ಎಂದು ಒಬ್ಬರು ಇನ್ನೊಬ್ಬರನ್ನು ಕೂಗುತ್ತಿದ್ದರು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಕುಬಸದ ಖಣ, ಇವೆರಡನ್ನೂ ಬಿಳಿಯ ಧೋತರದಲ್ಲಿ ಗಂಟು ಕಟ್ಟಿ ಎಡ ಹೆಗಲಿಗೇರಿಸಿಕೊಂಡು ಅವನು ಬೈಲಹೊಂಗಲದಿಂದ ಈ ಊರಿಗೆ ಬಂದದ್ದು ಮೀಸೆ ಕಪ್ಪಗಿದ್ದ ಕಾಲದಲ್ಲಿ. ಈಗ ಮುಂಬಯಿಗೆ ಡೆಕ್ಕನ್ ಕ್ವೀನ್ ಗಾಡಿ ಓಡತೊಡಗಿ ಕೆಲವು ವರ್ಷಗಳಾಗಿದ್ದವು. ಮೀಸೆ ಬಿಡಿಸಿದ ಹತ್ತಿಯಂತಾಗಿತ್ತು. ಗಂಟು ಮಾತ್ರ ಅದೇ ಹೆಗಲ ಮೇಲಿತ್ತು. ಹೆಂಡತಿ ತೀರಿ ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಭವಾನಿ ಪೇಠದ ಒಂದು ವಾಡೆಯ ಕೋಣೆಯಲ್ಲಿ ಅವನೂ ಅವನ ಒಲೆಯೂ ಒಬ್ಬರಿಗೊಬ್ಬರು ಹೊಂದಿಕೊಂಡು ಬದುಕಿದ್ದರು.

ನಡೆಯುವುದು ಅವನಿಗೆ ಬರಿಯ ಕಸುಬಾಗಿರಲಿಲ್ಲ. ವಾರಕ್ಕೊಮ್ಮೆ ನಸುಕಿನಲ್ಲಿ ಹೊರಟು, ಎಕ್ಕಾ ಗಾಡಿಯವರು ಕರೆದರೂ ಹತ್ತದೆ, ಹಡಪಸರದ ತೋಟಗಳವರೆಗೆ ಕಾಲ್ನಡಿಗೆಯಲ್ಲೇ ಹೋಗುವನು. ಮೆಂತ್ಯದ ಮಡಿಗಳ ಮೇಲೆ ಬಿಸಿಲು ಇಳಿಯುವ ಹೊತ್ತಿಗೆ ಅಲ್ಲಿಯ ಮಾಳಿ ಹೆಂಗಸರ ಮುಂದೆ ಸೆರಗು ಹರಡಿ ಕುಳಿತಿರುವನು. ದಾರಿ ತನ್ನನ್ನು ಕಂಡು ತಾನಾಗಿ ಬಿಚ್ಚಿಕೊಳ್ಳುತ್ತದೆ, ಒಳ್ಳೆಯ ಸೀರೆಯ ಹಾಗೆ, ಎಂದು ಅವನಿಗೆ ಒಳಗೊಳಗೆ ಅನ್ನಿಸುತ್ತಿತ್ತು. ಇದನ್ನು ಅವನು ಯಾರ ಮುಂದೆಯೂ ಹೇಳಿರಲಿಲ್ಲ. ಹೇಳುವ ಮಾತೂ ಅಲ್ಲ ಅದು.

ಅಂಥ ನಡಿಗೆಗೆ ಆ ವರ್ಷದ ಚಳಿಗಾಲದಲ್ಲಿ ದೃಷ್ಟಿ ತಗುಲಿತು. ಸ್ವಲ್ಪ ದೂರ ನಡೆದರೆ ಸಾಕು, ಬಲಗಾಲಿನ ಮೀನಖಂಡವನ್ನು ಯಾರೋ ಒದ್ದೆ ಬಟ್ಟೆ ಹಿಂಡಿದಂತೆ ಹಿಂಡುವರು. ನಿಂತರೆ ಬಿಟ್ಟುಬಿಡುವರು. ಮತ್ತೆ ನಡೆದರೆ ಮತ್ತೆ ಹಿಂಡುವರು. ಎಣ್ಣೆ ತಿಕ್ಕಿದ, ಎಕ್ಕೆಯ ಎಲೆ ಕಟ್ಟಿದ, ಇಟ್ಟಿಗೆ ಕಾಸಿ ಶಾಖ ಕೊಟ್ಟ. ನೋವು ಯಾವುದಕ್ಕೂ ಮಣಿಯಲಿಲ್ಲ. ಪಾದ ಬೇರೆ ಮಧ್ಯಾಹ್ನದ ಬಿಸಿಲಿನಲ್ಲೂ ತಣ್ಣಗಿರುತ್ತಿತ್ತು.

ನೋವಿಗಿಂತ ಅವನನ್ನು ಹೆಚ್ಚು ಕಾಡಿದ್ದು ಅದರ ಸುದ್ದಿ ಊರಿಗೆ ಮುಟ್ಟೀತೆಂಬ ಭಯ. ಬೈಲಹೊಂಗಲದಲ್ಲಿ ಅಣ್ಣನ ಮಗ ಕಾಡಪ್ಪನಿದ್ದ. ಕಾಡಪ್ಪ ಒಳ್ಳೆಯವನು; ತೊಂದರೆ ಇದ್ದದ್ದೇ ಅಲ್ಲಿ. ಸೀರೆಯ ಹೇರು ತರುವವರ ಕೈಯಲ್ಲೆಲ್ಲ ಅವನು ಒಂದೇ ಮಾತು ಹೇಳಿ ಕಳಿಸುತ್ತಿದ್ದ: ಕಾಕಾ ಇನ್ನು ತಿರುಗಾಡಿದ್ದು ಸಾಕು, ಬಂದು ಮನೆಯಲ್ಲಿ ಆರಾಮವಾಗಿ ಕುಳಿತುಕೊಳ್ಳಲಿ. ಆ ‘ಕುಳಿತುಕೊಳ್ಳಲಿ’ ಎಂಬುದು ಈರಬಸಪ್ಪನ ಕಿವಿಗೆ ‘ಮಲಗಿಕೊಳ್ಳಲಿ’ ಎಂಬುದಕ್ಕಿಂತ ಕೆಟ್ಟದಾಗಿ ಕೇಳುತ್ತಿತ್ತು. ಕಾಲು ಸೋತಿದೆಯೆಂದು ಗೊತ್ತಾದರೆ ಮಾರನೆಯ ವಾರವೇ ಕಾಡಪ್ಪ ಬಂದು ಕರೆದೊಯ್ಯುತ್ತಿದ್ದ. ಪುಣೆಯೂ ಪೇಠಗಳೂ ಹಡಪಸರದ ಮೆಂತ್ಯದ ಮಡಿಗಳೂ ಅಲ್ಲಿಗೆ ಮುಗಿದಂತೆ.

ಹಾಗಾಗಿ ನೋವನ್ನು ಬಚ್ಚಿಡುವ ಕಲೆಯನ್ನು ಅವನು ಕಲಿತ. ದಿನದ ವ್ಯಾಪಾರ ಮುಗಿಸಿ ಸಂಜೆ ರವಿವಾರ ಪೇಠದಲ್ಲಿ ಗೆಳೆಯ ಸಿದ್ರಾಮಪ್ಪನ ದಿನಸಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನಿಪ್ಪಾಣಿಯ ಚುಟ್ಟಾ ಸೇದುವುದು ಹಳೆಯ ಪದ್ಧತಿ. ಅಲ್ಲಿಂದ ಎದ್ದು ಕೋಣೆಯ ಕಡೆ ಹೊರಟರೆ ಮೀನಖಂಡ ನಿಲ್ಲೆನ್ನುವ ಸ್ಥಳ ದಿನವೂ ಒಂದೇ: ಪಾರವ್ವನ ಖಾನಾವಳಿಯ ಎದುರಿನ ಬೇವಿನ ಮರ. ಅಲ್ಲಿ ನಿಂತು ಗಂಟನ್ನು ಹೆಗಲಿಂದ ಇಳಿಸಿ ಎದೆಗೊತ್ತಿ ಹಿಡಿದುಕೊಳ್ಳುವನು. ಗಂಟು ಸಡಿಲಾಗಿದೆಯೆಂಬಂತೆ ಬಿಗಿಯುವನು. ಬಿಗಿದದ್ದು ಸಾಕಾಗದಿದ್ದರೆ ಖಾನಾವಳಿಯ ಫಲಕವನ್ನು ಓದುವನು. ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ‘ಲಿಂಗಾಯತ ಖಾನಾವಳಿ’ ಎಂದಷ್ಟೇ ಬರೆದಿದ್ದ ಆ ಫಲಕವನ್ನು ಲೋಕದಲ್ಲಿ ಅವನಷ್ಟು ಶ್ರದ್ಧೆಯಿಂದ ಓದಿದವರು ಮತ್ತೊಬ್ಬರಿರಲಾರರು. ಹಿಂಡುವ ಕೈ ಸಡಿಲಿಸಿದ ಮೇಲೆ, ಏನೂ ಆಗಿಲ್ಲವೆಂಬಂತೆ ಹೊರಡುವನು.

ಪಾರವ್ವ ಬೆಳಗಾವಿ ಕಡೆಯ ಗಟ್ಟಿಗಿತ್ತಿ. ರೈಲ್ವೆಯಲ್ಲಿ ಗುಮಾಸ್ತನಾಗಿದ್ದ ಗಂಡ ತೀರಿಕೊಂಡ ಮೇಲೆ ತವರಿನ ದಾರಿ ಹಿಡಿಯದೆ, ಅದೇ ಮನೆಯ ಪಡಸಾಲೆಯಲ್ಲಿ ಮಣೆಗಳನ್ನು ಸಾಲಾಗಿ ಹಾಕಿ ಖಾನಾವಳಿ ತೆರೆದವಳು. ಐವತ್ತರ ಆಸುಪಾಸಿನ, ಎತ್ತರದ ಹೆಂಗಸು. ಅವಳು ರೊಟ್ಟಿ ಬಡಿಯುವ ಸದ್ದು ಆ ಓಣಿಗೆ ಸಂಜೆಯ ಗಂಟೆಯಿದ್ದಂತೆ. ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಗುಮಾಸ್ತರೆಲ್ಲ ಕಚೇರಿಯ ಕೋಟನ್ನು ಗೂಟಕ್ಕೆ ಸಿಕ್ಕಿಸಿ ಅವಳ ಎಣ್ಣೆಗಾಯಿಯ ಮುಂದೆ ಕುಳಿತು ಮತ್ತೆ ಮನುಷ್ಯರಾಗುತ್ತಿದ್ದರು. ಈರಬಸಪ್ಪ ಮಾತ್ರ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಒಳಗೆ ಹೋಗಲು ಮೂರು ಮೆಟ್ಟಿಲು ಹತ್ತಬೇಕಿತ್ತು. ಹತ್ತುವಾಗ ಕುಂಟಿದರೆ ಇಡೀ ಪಂಕ್ತಿ ನೋಡುತ್ತಿತ್ತು.

ನೋಡುವವರು ಹೊರಗಿನದನ್ನೂ ನೋಡುತ್ತಿದ್ದರೆಂಬುದು ಅವನಿಗೆ ಹೊಳೆಯಲಿಲ್ಲ. ಮಹಾಶಿವರಾತ್ರಿ ಕಳೆದ ಮೇಲೊಂದು ಸಂಜೆ ಸಿದ್ರಾಮಪ್ಪ ಅಂಗಡಿಯ ಗಿರಾಕಿಗಳನ್ನೆಲ್ಲ ಸಾಗಹಾಕಿ, ಅವನ ಪಕ್ಕದಲ್ಲಿ ಬಂದು ಕುಳಿತು, ಬೆನ್ನ ಮೇಲೊಂದು ಗುದ್ದಿದ. ಗೆಳೆಯನೆಂದ ಮೇಲೆ ತನಗೆ ಮೊದಲು ಹೇಳಬಾರದಿತ್ತೇ ಎಂದು ಮುನಿಸು ತೋರಿಸಿದ. ಈರಬಸಪ್ಪ ಕಣ್ಣು ಪಿಳಿಪಿಳಿ ಬಿಟ್ಟ. ಕಾಲಿನ ಗುಟ್ಟು ಬಯಲಾಯಿತೆಂದು ಬಲಗಾಲನ್ನು ಧೋತರದೊಳಗೆ ಎಳೆದುಕೊಂಡ.

“ಕೈಯಾಗ ಸೀರಿ ಹಿಡಕೊಂಡು ದಿನಾ ಸಂಜೀಕ ಪಾರವ್ವನ ಬಾಗಲದಾಗ ನಿಂದರತಿ,” ಎಂದ ಸಿದ್ರಾಮಪ್ಪ. “ಅದರ ಅರ್ಥ ಏನಂತ ನಮ್ಮ ಕಡೆ ಕೂಸಿಗೂ ಗೊತ್ತೈತಿ, ಮಾರಾಯಾ.”

ಅರ್ಥ ಈರಬಸಪ್ಪನಿಗೂ ಗೊತ್ತಿತ್ತು. ಗಂಡ ತೀರಿದವಳು ಮತ್ತೆ ಮನೆ ಕಟ್ಟಿಕೊಳ್ಳುವುದಕ್ಕೆ ಅವರ ಜನದಲ್ಲಿ ಅಡ್ಡಿಯಿರಲಿಲ್ಲ. ವಾಲಗ ಅಕ್ಷತೆಗಳಿಲ್ಲದೆ, ನಾಲ್ಕು ಮಂದಿ ಹಿರಿಯರ ಎದುರು ಗಂಡು ತಂದ ಹೊಸ ಸೀರೆಯನ್ನು ಅವಳು ಉಟ್ಟರೆ ಮುಗಿಯಿತು, ಅದೇ ಉಡಿಕೆ. ಮಾತು ಬಾರದ ಗಂಡಸರು ಮೊದಲಿಗೆ ಸೀರೆಯನ್ನು ಹಿಡಿದು ಅವಳ ಬಾಗಿಲಲ್ಲಿ ನಿಲ್ಲುವುದೂ ಅವರ ಕಡೆ ಉಂಟು. ಇಡೀ ಆಯುಷ್ಯ ಸೀರೆ ಹೊತ್ತವನಿಗೆ ತಾನು ಹೊತ್ತದ್ದು ಸೀರೆಯೆಂಬುದೇ ಮರೆತುಹೋಗಿತ್ತು. ಚುಟ್ಟಾ ಬೆರಳಲ್ಲೇ ಆರಿತು.

ಸಿದ್ರಾಮಪ್ಪನ ಮಾತು ಮುಗಿದಿರಲಿಲ್ಲ. ಹಿರಿಯನ ಹೊಣೆ ಹೊತ್ತು ತಾನೇ ಹಿಂದಿನ ದಿನ ಪಾರವ್ವನಲ್ಲಿಗೆ ಹೋಗಿ ವಿಷಯ ಎತ್ತಿದ್ದನಂತೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸದೆ, ಕೇಳುವವರು ಬಾಯಿಬಿಟ್ಟು ಕೇಳಲಿ ಎಂದಳಂತೆ. ಬೇಡವೆನ್ನಲಿಲ್ಲ, ಎಂದು ಸಿದ್ರಾಮಪ್ಪ ಎರಡು ಸಲ ಹೇಳಿದ.

ಆ ಸಂಜೆ ಬೇವಿನ ಮರದವರೆಗಿನ ದಾರಿ ಈರಬಸಪ್ಪನಿಗೆ ಎಂದಿಗಿಂತ ಉದ್ದವಾಗಿ ಕಂಡಿತು. ನಿಲ್ಲದೆ ಹೋದರೆ ಕಾಲು ಬಿಡದು; ನಿಂತರೆ ಒಬ್ಬ ಮರ್ಯಾದಸ್ಥ ಹೆಂಗಸಿನ ಹೆಸರು ಓಣಿಯ ಬಾಯಿಗೆ ಬೀಳುತ್ತದೆ. ಸುಮ್ಮನಿದ್ದರೆ ಅದು ಸುಳ್ಳು. ನಿಜ ಹೇಳಿದರೆ ಬೈಲಹೊಂಗಲ. ಮರದ ಕೆಳಗೆ ಮೀನಖಂಡ ಎಂದಿನಂತೆ ಹಿಂಡಿತು. ಅದು ಬಿಡುವವರೆಗೂ ಕಾದು, ಗಂಟನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, ಅವನು ಆ ಮೂರು ಮೆಟ್ಟಿಲುಗಳನ್ನು ಹತ್ತಿದ.

ಗುಮಾಸ್ತರು ಇನ್ನೂ ಬಂದಿರಲಿಲ್ಲ. ಪಾರವ್ವ ಕಟ್ಟೆಯ ಮೇಲೆ ಕುಳಿತು ಶೇಂಗಾ ಸಿಪ್ಪೆ ತೆಗೆಯುತ್ತಿದ್ದಳು. ಅವನು ನಿಂತೇ ಎಲ್ಲವನ್ನೂ ಹೇಳಿದ: ಹಿಂಡುವ ನೋವು, ತಣ್ಣನೆಯ ಪಾದ, ಬಿಗಿದ ಗಂಟನ್ನೇ ಮತ್ತೆ ಬಿಗಿಯುವುದು, ಫಲಕ ಓದುವುದು, ಕಾಡಪ್ಪನ ಪ್ರೀತಿಯ ಭಯ. ತಪ್ಪು ತಿಳಿವಳಿಕೆಗೆ ತನ್ನ ಕಾಲು ಕಾರಣವೇ ಹೊರತು ಮನಸ್ಸಲ್ಲ, ಕ್ಷಮಿಸಬೇಕು ಎಂದ. ಹೇಳಿ ಮುಗಿಸಿದ ಮೇಲೆ ತಲೆಯೆತ್ತಲಿಲ್ಲ.

“ಅಂದ್ರ ಇಷ್ಟು ದಿನ ನಮ್ಮ ಬಾಗಲದಾಗ ನಿಂತದ್ದು ನೀವಲ್ಲ ಅನ್ರಿ, ನಿಮ್ಮ ಕಾಲು,” ಎಂದಳು ಪಾರವ್ವ.

“ಹೌದ್ರಿ.”

ಅವಳು ನಕ್ಕಳು. ಮಡಿಲಿನ ಶೇಂಗಾ ಚೆಲ್ಲುವ ಹಾಗೆ, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಕ್ಕಳು. ಆದರೆ ಆ ನಗೆ ಮುಗಿಯಬೇಕಾದುದಕ್ಕಿಂತ ತುಸು ಮೊದಲೇ ಮುಗಿಯಿತು. ಆ ತುಸುವನ್ನು ಈರಬಸಪ್ಪ ಕೇಳಿಸಿಕೊಂಡ. ಯಾಕೆಂದು ತಿಳಿಯದೆ ಅದನ್ನು ಮನೆಗೂ ಒಯ್ದ.

ಕಾಲಿನ ಮಾತಿಗೆ ಅವಳು ತಡಮಾಡಲಿಲ್ಲ. ಓಣಿಯ ಮೂಲೆಯಲ್ಲಿ ಧಾರವಾಡದ ಬಿಂದುಮಾಧವ ಡಾಕ್ಟರರ ದವಾಖಾನೆಯಿತ್ತು. ಮಡಿವಂತ ಮನೆತನದವರಾದರೂ ಅವರಿಗೆ ಪಾರವ್ವನ ಶೇಂಗಾ ಚಟ್ನಿಯಿಲ್ಲದೆ ಊಟ ಇಳಿಯುತ್ತಿರಲಿಲ್ಲ. ಮನೆಯವರಿಗೆ ತಿಳಿಯದಂತೆ ಅದನ್ನು ಔಷಧದ ಬಾಟಲಿಯಲ್ಲಿ ಒಯ್ಯುತ್ತಿದ್ದರು. ಮರುದಿನವೇ ಈರಬಸಪ್ಪ ಅವರ ಮುಂದೆ ಕಾಲು ಚಾಚಿ ಕುಳಿತ. ಡಾಕ್ಟರರು ಪಾದದ ಮೇಲೆ ಬೆರಳಿಟ್ಟು, ಬಾಗಿಲಿಗೆ ಕಿವಿಗೊಟ್ಟವರಂತೆ ಬಹಳ ಹೊತ್ತು ಕಾದರು. ಎಡಗಾಲಿನಲ್ಲಿ ನಾಡಿ ಸಿಕ್ಕಿತು. ಬಲಗಾಲಿನಲ್ಲಿ ಸಿಕ್ಕೂ ಸಿಗದಂತಿತ್ತು. ಆಮೇಲೆ ಅವನ ಬೆರಳಿನ ಹಳದಿ ಕಲೆಯನ್ನು ನೋಡಿ ತಲೆಯಾಡಿಸಿದರು.

“ಹಬ್ಬದ ದಿವಸ ಪಾರವ್ವನ ಖಾನಾವಳ್ಯಾಗ ಮಂದಿ ಭಾಳ ಕೂತಾರ, ರೊಟ್ಟಿ ತರೂ ಬಾಗಲಾ ಮಾತ್ರ ಸಣ್ಣದದ ಅಂತ ತಿಳೀರಿ. ಏನಾಗತದ?” ಎಂದು ಕೇಳಿದರು.

“ಮಂದಿ ಒದರ್ಯಾಡತಾರ್ರಿ.”

“ನಿಮ್ಮ ಮೀನಖಂಡ ಒದರೂದೂ ಅದಕ್ಕ. ನಡದಾಗ ಅದಕ್ಕ ರಕ್ತ ಹೆಚ್ಚು ಬೇಕು. ಬರೂ ದಾರಿ ಸಣ್ಣದಾಗೇದ. ನಿಂತ್ರಿ ಅಂದ್ರ ಇದ್ದದ್ದರಾಗ ಹೊಂದಿಕೊಂಡು ಸುಮ್ಮನಾಗತದ. ಆ ದಾರಿಗೆ ಅಡ್ಡ ಕಟ್ಟಿದ್ದು ನಿಮ್ಮ ಚುಟ್ಟಾ.”

ಚುಟ್ಟಾ ಪೂರ್ತಿ ಬಿಡಬೇಕು; ಒಂದು ಎಳೆತವೂ ಕೂಡದು. ಕಾಸಿದ ಇಟ್ಟಿಗೆ ಮುಟ್ಟಬಾರದು, ರಕ್ತ ಕಡಿಮೆಯಿರುವ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಪಾದವನ್ನು ದಿನವೂ ತೊಳೆದು ಒರೆಸಿ, ಗಾಯವೇನಾದರೂ ಆಗಿದೆಯೇ ಎಂದು ನೋಡಬೇಕು. ಇಷ್ಟು ಹೇಳಿ ಅವರು ಕೈ ತೊಳೆಯಲು ಎದ್ದರು. ಈರಬಸಪ್ಪ, ನಡೆಯುವುದನ್ನು ಯಾವಾಗಿನಿಂದ ಬಿಡಬೇಕು ಎಂದು ಕೇಳಿದ.

“ಬಿಡೂದಾ? ನಡಿಗಿನ ನಿಮ್ಮ ಔಷಧ. ನೋವು ಬರೂ ತನಕ ನಡೀರಿ, ನಿಲ್ಲ್ರಿ, ಹೋದ ಮ್ಯಾಲ ಮತ್ತ ನಡೀರಿ. ರಕ್ತದ ದೊಡ್ಡ ರಸ್ತೆ ಬಂದಾದ್ರೂ, ನಡದಂಗ ನಡದಂಗ ಸಣ್ಣ ಸಣ್ಣ ಓಣಿಗೋಳು ದೊಡ್ಡವಾಗತಾವ. ಮನ್ಯಾಗ ಕೂತ್ರ ಕಾಲು ಕೆಡತದ.”

ಈರಬಸಪ್ಪನಿಗೆ ಆ ಡಾಕ್ಟರರ ಪಾದ ಹಿಡಿಯಬೇಕೆನ್ನಿಸಿತು. ಹಿಡಿದೂಬಿಟ್ಟ. ಮನೆಯಲ್ಲಿ ಕುಳಿತರೆ ಕೆಡುತ್ತದೆ! ಆ ವಾರ ಹೇರು ತಂದವನ ಕೈಯಲ್ಲಿ ಈ ಮಾತನ್ನೇ ಅವನು ಕಾಡಪ್ಪನಿಗೆ ಹೇಳಿ ಕಳಿಸಿದ. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ನಿಲ್ಲುವುದು ಔಷಧದ ಅರ್ಧವೆಂದು ಗೊತ್ತಾದ ಮೇಲೆ ಪಾರವ್ವ ತನ್ನ ಕಟ್ಟೆಯ ಮೇಲೆ ಒಂದು ಮಣೆ ಹಾಕಿದಳು. ಬೇವಿನ ಮರಕ್ಕೆ ಆತು ನಿಲ್ಲುವುದಕ್ಕಿಂತ ಇಲ್ಲಿ ಬಂದು ಕೂಡಬಹುದೆಂದಳು, ಆದರೆ ಚುಟ್ಟಾದ ವಾಸನೆಯಿದ್ದರೆ ಮೆಟ್ಟಿಲು ಹತ್ತಕೂಡದು. ಬಾಯಿ ಬಯಸಿದಾಗ ಮೆಲ್ಲಲು ಹುರಿದ ಶೇಂಗಾ, ಒಂದು ಚೂರು ಬೆಲ್ಲ ಕೊಟ್ಟಳು. ಚುಟ್ಟಾ ಬಿಡುವುದು ಹೆಂಡತಿಯನ್ನು ಎರಡನೆಯ ಸಲ ಕಳೆದುಕೊಂಡಷ್ಟು ಕಷ್ಟವಾಯಿತು. ಮೊದಮೊದಲು ಅವನು ಗಿರಾಕಿಗಳ ಮೇಲೆ ಸಿಡುಕಿದ, ನಿದ್ದೆಯಲ್ಲಿ ಬೆರಳು ಮೂಸಿ ನೋಡಿಕೊಂಡ. ಒಮ್ಮೆ ಸಿದ್ರಾಮಪ್ಪನ ಅಂಗಡಿಯ ಹಿಂದೆ ಕದ್ದು ಸೇದಿ, ಏಲಕ್ಕಿ ಅಗಿದು, ಸಂತನಂತೆ ಮುಖಮಾಡಿಕೊಂಡು ಬಂದ. ಪಾರವ್ವ ಬಾಗಿಲಲ್ಲಿ ನಿಂತು ಅವನು ಮರದ ಹತ್ತಿರ ಬರುವ ಮೊದಲೇ ಮಣೆಯನ್ನು ಒಳಗೆ ತೆಗೆದುಕೊಂಡು ಹೋದಳು. ಆ ಸಂಜೆ ಅವನು ನಿಂತೇ ಫಲಕ ಓದಿದ. ಆಮೇಲೆ ಅವನು ಸೇದಲಿಲ್ಲ.

ಹೀಗೆ ಕಟ್ಟೆಯ ಮೇಲಿನ ಆ ಸ್ವಲ್ಪ ಹೊತ್ತು ದಿನದ ನಡುವೆ ಒಂದು ಕೋಣೆಯಂತೆ ತೆರೆದುಕೊಂಡಿತು. ಅವನು ಪೇಠಗಳ ಸುದ್ದಿ ತರುತ್ತಿದ್ದ: ಯಾವ ಮನೆಯ ಸೊಸೆಗೆ ಯಾವ ಅಂಚು ಬೇಕಂತೆ, ಹಡಪಸರದಲ್ಲಿ ಬದನೆಕಾಯಿ ಹೇಗೆ ಬಂದಿದೆ. ಅವಳು ಅವನು ಹೊಗಳಿದ ಸೀರೆಗಳಲ್ಲಿ ಹುಳುಕು ಹುಡುಕುತ್ತಿದ್ದಳು. ಮಳೆಗಾಲ ಬಂತು. ಬೇವಿನ ಮರ ಕಟ್ಟೆಯ ಮೇಲೆ ಹನಿ ಉದುರಿಸುತ್ತಿದ್ದರೆ ಅವಳು ಮಣೆಯನ್ನು ಗೋಡೆಯ ಕಡೆ ಸರಿಸಿದಳು. ಗುಮಾಸ್ತರು ತಮ್ಮತಮ್ಮಲ್ಲೇ ಮೊಣಕೈ ತಿವಿದುಕೊಂಡರು. ನಡೆದದ್ದು ಕಾಲಿನ ಕಥೆಯೆಂದು ಅವರಿಗೆಲ್ಲ ಗೊತ್ತಾಗಿತ್ತು, ಆದರೂ ತಿವಿದುಕೊಂಡರು.

ಶ್ರಾವಣ ಕಳೆಯುವ ಹೊತ್ತಿಗೆ, ಒಂದು ಸಂಜೆ, ಬೇವಿನ ಮರ ಬಂದರೂ ನೋವು ಬರಲಿಲ್ಲ.

ಈರಬಸಪ್ಪ ಬೆಪ್ಪಾಗಿ ನಿಂತ. ಕಾಲು ಮುಂದೆ ಹೋಗೋಣವೆನ್ನುತ್ತಿತ್ತು. ಎಷ್ಟು ತಿಂಗಳು ಈ ಘಳಿಗೆಗಾಗಿ ಹಂಬಲಿಸಿದ್ದ! ಸಿಕ್ಕಾಗ ಮಾತ್ರ ಕಳೆದುಕೊಂಡವನ ಮುಖ ಅವನದು. ಮಣೆ ಕಟ್ಟೆಯ ಮೇಲಿತ್ತು, ಶೇಂಗಾ ತಟ್ಟೆಯಲ್ಲಿತ್ತು. ಅವನು ಮೆಟ್ಟಿಲು ಹತ್ತಿ ಕುಳಿತು, ‘ಅಯ್ಯಪ್ಪಾ’ ಎಂದು ಮೀನಖಂಡವನ್ನು ಒತ್ತಿಕೊಂಡ. ಒಂದು ಕಾಲಕ್ಕೆ ಇದ್ದ ನೋವನ್ನು ಬಚ್ಚಿಟ್ಟವನು ಈಗ ಇಲ್ಲದ ನೋವನ್ನು ತೋರಿಸತೊಡಗಿದ. ಎರಡನೆಯದು ಮೊದಲನೆಯದಕ್ಕಿಂತ ಕಠಿಣವೆಂದು ಅವನಿಗೆ ಬೇಗ ತಿಳಿಯಿತು. ಒಮ್ಮೆ ಎಡಗಾಲನ್ನು ಒತ್ತಿಕೊಂಡುಬಿಟ್ಟಿದ್ದ. ಪಾರವ್ವ ನೋಡಿದಳು. ಶೇಂಗಾದ ತಟ್ಟೆಯನ್ನು ಅವನ ಕಡೆ ಸರಿಸಿದಳು.

ಗುಟ್ಟು ಹೊರಬಿದ್ದದ್ದು ಡಾಕ್ಟರರಿಂದ. ದಸರೆಯ ಹೊತ್ತಿಗೆ ಬಾಟಲಿ ಹಿಡಿದು ಚಟ್ನಿಗೆ ಬಂದವರು ತಮ್ಮ ರೋಗಿಯ ಹಿರಿಮೆ ಹೇಳಿಕೊಳ್ಳದೆ ಇರಲಾರದೆ ಹೋದರು. ಹೋದ ಭಾನುವಾರ ಹಡಪಸರಕ್ಕೆ ನಡೆದು ಹೋಗಿ ಬಂದನಂತೆ, ದಾರಿಯಲ್ಲಿ ಅಷ್ಟಿಷ್ಟು ನಿಂತದ್ದು ಬಿಟ್ಟರೆ ತೊಂದರೆಯಿಲ್ಲವಂತೆ. ಇನ್ನು ಈ ಓಣಿಯ ದಾರಿ ಯಾವ ಲೆಕ್ಕ ಎಂದು ನಕ್ಕರು. ಪಾರವ್ವ ಬಾಟಲಿ ತುಂಬಿ ಕೊಟ್ಟಳು. ಆ ದಿನದ ಚಟ್ನಿ ತುಸು ಖಾರವಾಗಿತ್ತೆಂದು ಡಾಕ್ಟರರು ಆಮೇಲೆ ಹೇಳುತ್ತಿದ್ದರು.

ಮರುದಿನ ಸಂಜೆ ಕಟ್ಟೆಯ ಮೇಲೆ ಮಣೆಯಿರಲಿಲ್ಲ.

ಬರಿದಾದ ಕಟ್ಟೆಯನ್ನು ಈರಬಸಪ್ಪ ಒಂದು ಕ್ಷಣ ನೋಡಿದ. ಬಾಗಿಲು ತೆರೆದಿತ್ತು, ರೊಟ್ಟಿಯ ಸದ್ದು ಬರುತ್ತಿತ್ತು. ಆದರೂ ಮುಖಕ್ಕೆ ಬಾಗಿಲು ಹಾಕಿದಂತಿತ್ತು. ಕೂಡಲು ಕಾರಣವಿಲ್ಲದವನಿಗೆ ಮಣೆಯಾದರೂ ಯಾಕೆ? ಅವನು ಮುಂದೆ ನಡೆದ. ಕಾಲು ಹಗುರವಾಗಿ ಹೋಯಿತು; ಮೂಲೆಯ ನಳ ದಾಟಿತು, ದವಾಖಾನೆ ದಾಟಿತು, ಎಲ್ಲಿಯೂ ನಿಲ್ಲೆನ್ನಲಿಲ್ಲ. ಹೀಗೇ ನಡೆದರೆ ಕೋಣೆ, ಒಲೆ, ನಾಳೆ ಮತ್ತೆ ಇದೇ ಓಣಿ. ಆದರೆ ಎಂದೂ ನಿಲ್ಲದೆ. ಪುಣೆಯನ್ನು ಉಳಿಸಿಕೊಂಡೆನೆಂದು ಬೀಗಿದ್ದವನಿಗೆ ಆಗ ಹೊಳೆಯಿತು: ಅವನಿಗೆ ಬೇಕಾಗಿದ್ದ ಪುಣೆ ಈಚೀಚೆಗೆ ಒಂದು ಮಣೆಯಷ್ಟೇ ಅಗಲವಾಗಿತ್ತು. ಕಾಲಿನ ಕಥೆ ಕೇಳಿ ಅಂದು ತುಸು ಮೊದಲೇ ನಿಂತ ಪಾರವ್ವನ ನಗೆ ಅವನ ಕಿವಿಯಲ್ಲಿ ಈಗ ಪೂರ್ತಿಯಾಗಿ ಕೇಳಿಸಿತು.

ಅವನು ತಿರುಗಿದ. ಬೇವಿನ ಮರದ ಕೆಳಗೆ ಬಂದು, ಗಂಟನ್ನು ಹೆಗಲಿಂದ ಇಳಿಸಿ ಬಿಚ್ಚಿದ. ಎಲ್ಲಕ್ಕಿಂತ ಕೆಳಗಿದ್ದ ಬೂದಿಬಣ್ಣದ ಇಳಕಲ್ಲ ಸೀರೆಯನ್ನು, ಅವಳ ವಯಸ್ಸಿಗೂ ಸ್ಥಿತಿಗೂ ಒಪ್ಪೀತೆಂದು ಲೆಕ್ಕ ಹಾಕಿ, ಎರಡೂ ಅಂಗೈಗಳ ಮೇಲಿಟ್ಟುಕೊಂಡ. ಒಳಗೆ ಪಂಕ್ತಿ ಕುಳಿತಿತ್ತು. ಯಾರೋ ಗುಮಾಸ್ತ ಕೆಮ್ಮಿದ. ರೊಟ್ಟಿಯ ಸದ್ದು ನಿಂತಿತು. ಪಾರವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

“ಕಾಲು ನೋಯಾಕ ಹತ್ತಿತೇನ್ರಿ?” ಎಂದಳು.

“ಇಲ್ರಿ.”

“ಮತ್ತ ಯಾಕ ನಿಂತೀರಿ?”

ಸಾವಿರ ಹೆಂಗಸರ ಮುಂದೆ ಸಾವಿರ ಸೆರಗು ಹರಡಿ ಮಾತಿನ ಮಳೆಗರೆದವನು ಹಳೆಯ ಅಭ್ಯಾಸದಿಂದ ಫಲಕದ ಕಡೆ ಕಣ್ಣೆತ್ತಿದ. ಬಾಯಿಬಿಟ್ಟು ಕೇಳಲಿ ಎಂದಿದ್ದಳಲ್ಲ, ಅದು ನೆನಪಾಯಿತು.

“ಈ ಸಲ ಕಾಲು ನಿಂದರಿಸಿಲ್ರಿ, ಪಾರವ್ವಾರ,” ಎಂದ. “ನಾನ ನಿಂತೀನಿ. ಈ ಸೀರಿ ನೀವು ಉಟ್ಕೋಬೇಕು ಅಂತ ಕೇಳಾಕ ನಿಂತೀನಿ.”

ಒಳಗೆ ಪಂಕ್ತಿಯಲ್ಲಿ ಒಂದು ಕೈಯೂ ಬಾಯಿಗೆ ಹೋಗಲಿಲ್ಲ. ಪಾರವ್ವ ಮೆಟ್ಟಿಲಿಳಿದು ಬಂದು, ಹಿಟ್ಟು ತಗುಲದಂತೆ ಮೊಣಕೈಯಿಂದ ಸೀರೆಯ ಮಡಿಕೆ ಸರಿಸಿ, ಅಂಚು ನೋಡಿದಳು, ಸೆರಗು ನೋಡಿದಳು, ಬೆಳಕಿಗೆ ಒಡ್ಡಿ ಬಣ್ಣ ನೋಡಿದಳು.

“ಇಷ್ಟು ವರ್ಷ ಸೀರಿ ಮಾರೀರಿ, ಬಣ್ಣ ಆರಿಸಾಕ ಬರವಲ್ದು ನಿಮಗ,” ಎಂದಳು. “ಬೂದಿ ಬಳಕೊಂಡು ನಾ ಏನ್ ಮಠಕ್ಕ ಹೋಗ್ಲೇನು? ದಾಳಿಂಬರಿ ಇದ್ರ ತರ್ರಿ.”

ಆಮೇಲೆ ಒಳಗೆ ಹೋಗಿ ಮಣೆಯನ್ನು ತಂದು ಕಟ್ಟೆಯ ಮೇಲಿಟ್ಟಳು. ಪಂಕ್ತಿಯಲ್ಲಿ ಎದ್ದ ಗದ್ದಲದಲ್ಲಿ ಯಾರೋ ಸಿದ್ರಾಮಪ್ಪನನ್ನು ಕರೆಯಲು ಎಂಜಲು ಕೈಯಲ್ಲೇ ಓಡಿದರು. ಕಾಡಪ್ಪನಿಗೆ ಹೇಳಿ ಕಳಿಸಬೇಕು, ಕರೆದೊಯ್ಯಲು ಅಲ್ಲ, ಊಟಕ್ಕೆ, ಎಂದು ಈರಬಸಪ್ಪ ಯಾರಿಗೋ ಹೇಳಿದ. ಯಾರಿಗೆಂದು ಅವನಿಗೇ ನೆನಪಿಲ್ಲ.

ದಾಳಿಂಬೆ ಬಣ್ಣದ ಸೀರೆ ಕೋಣೆಯ ಪೆಟ್ಟಿಗೆಯಲ್ಲಿತ್ತು. ಅದನ್ನು ತರಲು ಹೊರಟವನು ಡಾಕ್ಟರರ ಮಾತನ್ನೂ ತನ್ನ ವಯಸ್ಸನ್ನೂ ಮರೆತು, ಮೀಸೆ ಕಪ್ಪಗಿದ್ದಾಗಿನ ವೇಗದಲ್ಲಿ ನಡೆದ. ವಾಡೆಯ ಬಾಗಿಲು ಇನ್ನೇನು ಬಂತೆನ್ನುವಾಗ ಮೀನಖಂಡ ಹಳೆಯ ಗೆಳೆಯನಂತೆ ಹಿಂದಿನಿಂದ ಮೆಲ್ಲಗೆ ಹಿಡಿಯಿತು. ಈರಬಸಪ್ಪ ನಿಂತ. ಗಂಟು ಬಿಗಿಯಲಿಲ್ಲ, ಯಾವ ಫಲಕವನ್ನೂ ಓದಲಿಲ್ಲ. ಹೋಗಿ ಬರುವವರೆಲ್ಲ ನೋಡುವಂತೆ, ರಸ್ತೆಯ ನಡುವೆ, ಸುಮ್ಮನೆ ನಗುತ್ತ ನಿಂತ.